ಕಂಬ ಹತ್ತುವ ಕಪ್ಪು ಬಂಗಾರ: ಬೆಂಗಳೂರಿನ ಮನೆಯೊಳಗೆ ಮೆಲನೊಕ್ರೈಸಮ್ ಬೆಳೆಸುವ ಸಮಗ್ರ ಮಾರ್ಗದರ್ಶಿ

ಮನಿಪ್ಲಾಂಟ್ ನೋಡದವರು ಬೆಂಗಳೂರಿನಲ್ಲಿ ಸಿಗಲಿಕ್ಕಿಲ್ಲ. ಟಿವಿ ಪಕ್ಕದ ಬಾಟಲಿಯಲ್ಲಿ ಅದರ ಎಲೆ ಅಂಗೈಗಿಂತ ಚಿಕ್ಕದು. ಅದೇ ಬಳ್ಳಿ ಪಾರ್ಕಿನಲ್ಲೋ ಹಳೆಯ ಬಡಾವಣೆಯ ರಸ್ತೆ ಬದಿಯಲ್ಲೋ ದೊಡ್ಡ ಮರ ಹತ್ತಿದ್ದನ್ನು ನೋಡಿ. ಎಲೆ ಮೊರದಷ್ಟು ಅಗಲ, ಜೊತೆಗೆ ಅಲ್ಲಲ್ಲಿ ಸೀಳು. ಗಿಡ ಒಂದೇ. ಒಂದಕ್ಕೆ ಹತ್ತಲು ಮರ ಸಿಕ್ಕಿದೆ, ಇನ್ನೊಂದಕ್ಕೆ ಸಿಕ್ಕಿಲ್ಲ, ಅಷ್ಟೇ.

ಫಿಲೊಡೆಂಡ್ರಾನ್ ಮೆಲನೊಕ್ರೈಸಮ್ ಕೂಡ ಇದೇ ಸ್ವಭಾವದ ಬಳ್ಳಿ. ಫಿಲೊಡೆಂಡ್ರಾನ್ ಅಂದರೆ ಗ್ರೀಕ್ ಭಾಷೆಯಲ್ಲಿ ಮರವನ್ನು ಪ್ರೀತಿಸುವುದು. ಮೆಲನೊಕ್ರೈಸಮ್ ಅಂದರೆ ಕಪ್ಪು ಚಿನ್ನ. ಮಲೆನಾಡಿನವರಿಗೆ ಕಪ್ಪು ಬಂಗಾರ ಅಂದ ಕೂಡಲೇ ಕಾಳುಮೆಣಸು ನೆನಪಾಗುತ್ತದೆ, ಅಲ್ವಾ? ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಆದರೆ ಬದುಕುವ ರೀತಿ ಒಂದೇ. ಗೆಣ್ಣಿನಲ್ಲಿ ಬೇರು ಬಿಟ್ಟು, ತೊಗಟೆ ಹಿಡಿದು, ಬೆಳಕಿನ ಕಡೆಗೆ ಹತ್ತುವುದು. ಅಡಿಕೆ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಕೈಗೆ ಈ ಗಿಡ ಹೊಸದೇನೂ ಅನ್ನಿಸುವುದಿಲ್ಲ.

ಇದರ ತವರು ಕೊಲಂಬಿಯಾ. ಆಂಡಿಸ್ ಬೆಟ್ಟಗಳ ಇಳಿಜಾರಿನ ಮಳೆಕಾಡಿನಲ್ಲಿ ಮರ ಹತ್ತಿಕೊಂಡು ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ 1873ರಲ್ಲಿ ಹೆಸರು ಬಿತ್ತು. ಆಗ ನೋಡಿದ್ದು ಎಳೆಯ ಗಿಡವನ್ನು. ಬಲಿತ ಗಿಡ ಕಣ್ಣಿಗೆ ಬಿದ್ದಾಗ ಅದನ್ನು ಬೇರೆಯದೇ ಜಾತಿ ಎಂದು ತಿಳಿದು ಆಂಡ್ರಿಯಾನಮ್ ಎಂಬ ಇನ್ನೊಂದು ಹೆಸರು ಕೊಟ್ಟರು. ಎಳೆಯದರ ಎಲೆ ವೀಳ್ಯದೆಲೆಯ ಹಾಗೆ ಹೃದಯದಾಕಾರ. ಬಲಿತದ್ದರ ಎಲೆ ಎರಡು ಅಡಿ ಉದ್ದ, ಈಟಿಯಂತೆ ಜೋಲುತ್ತದೆ. ತಜ್ಞರೇ ಎರಡು ಗಿಡ ಅಂದುಕೊಳ್ಳುವಷ್ಟು ವ್ಯತ್ಯಾಸ. ಆ ಎಳೆಯ ರೂಪದಿಂದ ಬಲಿತ ರೂಪಕ್ಕೆ ಗಿಡವನ್ನು ದಾಟಿಸುವುದೇ ನಮ್ಮ ಕೆಲಸ. ಅದಕ್ಕೆ ಬೇಕಾದದ್ದು ಒದ್ದೆ ಕಂಬ. ಮಣ್ಣು, ಗೊಬ್ಬರ ಎಲ್ಲ ಆಮೇಲಿನ ಮಾತು.

ಕೊಳ್ಳುವಾಗ

ಕೆಲವು ವರ್ಷಗಳ ಹಿಂದೆ ಇದರ ಬೆಲೆ ಕೈಗೆ ಎಟುಕುತ್ತಿರಲಿಲ್ಲ. ಈಗ ಟಿಶ್ಯೂ ಕಲ್ಚರ್ ಗಿಡಗಳು, ಅಂದರೆ ಲ್ಯಾಬಿನಲ್ಲಿ ಗಿಡದ ಚೂರಿನಿಂದ ಬೆಳೆಸಿದವು, ಬಂದ ಮೇಲೆ ಇಳಿದಿದೆ. ಆದರೂ ಬೀದಿ ನರ್ಸರಿಯಲ್ಲಿ ಸುಮ್ನೆ ಸಿಗುವ ಗಿಡ ಅಲ್ಲ. ಹಾಗಾಗಿ ನೋಡಿ ಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ಮೋಸ ಆಗುವುದು ಮೈಕಾನ್ಸ್ ಎಂಬ ಇನ್ನೊಂದು ಫಿಲೊಡೆಂಡ್ರಾನಿನಿಂದ. ಅದಕ್ಕೂ ಮಖಮಲ್ ಎಲೆ, ಹೃದಯದ ಆಕಾರ. ಮರಿ ಮೆಲನೊಕ್ರೈಸಮ್ ಅಂತ ಅದನ್ನೇ ಮಾರುತ್ತಾರೆ. ನಾನು ಕೊಂಡ ಮೊದಲ ಗಿಡವೂ ಅದೇ ಆಗಿತ್ತು. ಏಳು ತಿಂಗಳು ಕಾದ ಮೇಲೆ ಗೊತ್ತಾಯಿತು. ವ್ಯತ್ಯಾಸ ಹೀಗಿದೆ: ಮೈಕಾನ್ಸ್ ಕಾಂಡ ದಾರದಂತೆ ಸಣ್ಣ, ಎಲೆಯ ಹಿಂಭಾಗ ಕೆಂಪು ಛಾಯೆ, ನರಗಳು ಎದ್ದು ಕಾಣುವುದಿಲ್ಲ. ಮೆಲನೊಕ್ರೈಸಮ್ ಕಾಂಡ ದಪ್ಪ, ಎಲೆಯ ನರಗಳು ತಿಳಿಹಸಿರು ಗೆರೆಗಳಾಗಿ ಸ್ಪಷ್ಟವಾಗಿ ಕಾಣುತ್ತವೆ, ಹೊಸ ಎಲೆ ತಾಮ್ರದ ಬಣ್ಣದಲ್ಲಿ ಬರುತ್ತದೆ. ಎಲೆತೊಟ್ಟಿನ ಮೇಲೆ ರೋಮ ಇದ್ದರೆ ಅದು ವೆರುಕೋಸಮ್ ಎಂಬ ಬೇರೆ ಫಿಲೊಡೆಂಡ್ರಾನ್ ಅಥವಾ ಅದರ ಮಿಶ್ರತಳಿ. ಅದೂ ಚೆಂದದ ಗಿಡವೇ, ಆದರೆ ನೀವು ಕೇಳಿದ್ದು ಅದಲ್ಲ.

ಸಾಧ್ಯವಾದರೆ ಎರಡು ಮೂರು ಎಲೆ ಇರುವ, ಬೇರು ತೋರಿಸುವ ಗಿಡ ಆರಿಸಿ. ಬೇರು ಬಿಳಿಯಾಗಿ ಅಥವಾ ತಿಳಿ ಕಂದು ಬಣ್ಣದಲ್ಲಿ ಗಟ್ಟಿಯಾಗಿರಬೇಕು. ಹಿಸುಕಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ ಆ ಬೇರು ಕೊಳೆತಿದೆ. ವಿದೇಶದಿಂದ ನೇರವಾಗಿ ತರಿಸುತ್ತೇವೆ ಅನ್ನುವವರ ಹತ್ತಿರ ಕಾಗದ ಕೇಳಿ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದ ಗಿಡಕ್ಕೆ ಆಮದು ಪರವಾನಗಿಯೂ ಬೇಕು, ಗಿಡಕ್ಕೆ ರೋಗ ಇಲ್ಲ ಎಂಬ ಆ ದೇಶದ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಅಡಗಿಸಿ ತಂದ ಗಿಡದ ಜೊತೆ ಯಾವ ಹುಳ ಬರುತ್ತದೋ, ಅದು ಯಾರ ತೋಟ ಹಾಳು ಮಾಡುತ್ತದೋ ಹೇಳಲಾಗದು.

ಮೊದಲ ಮೂರು ವಾರ

ಕೇರಳದ ನರ್ಸರಿಯ ಒದ್ದೆ ಗಾಳಿಯಿಂದ ಬಂದ ಗಿಡ ಬೆಂಗಳೂರಿನ ಹಾಲ್‌ನಲ್ಲಿ ಕೂತರೆ ಬೆಚ್ಚುತ್ತದೆ. ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಬೀಳುವುದು ಸಹಜ. ಗಾಬರಿಯಿಂದ ಅದೇ ದಿನ ಕುಂಡ ಬದಲಿಸಬೇಡಿ, ಗೊಬ್ಬರ ಕೊಡಬೇಡಿ. ಬೇರೆ ಗಿಡಗಳಿಂದ ದೂರ, ಬೇರೆ ಕೋಣೆಯಲ್ಲೇ ಇಡಿ. ಎಲೆಯ ಹಿಂಭಾಗವನ್ನು ಮೂರು ದಿನಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಡೇರೆಯಂತೆ ಹೊದಿಸಿ. ಮೊದಲ ವಾರ ಪೂರ್ತಿ ಮುಚ್ಚಿರಲಿ, ದಿನಕ್ಕೊಮ್ಮೆ ಹತ್ತು ನಿಮಿಷ ಮಾತ್ರ ಗಾಳಿ ಆಡಿಸಿ. ಎರಡನೇ ವಾರ ಚೀಲಕ್ಕೆ ತೂತು ಮಾಡಿ. ಮೂರನೇ ವಾರ ಹಗಲಿನಲ್ಲಿ ತೆಗೆದು ರಾತ್ರಿ ಹೊದಿಸಿ. ಆಮೇಲೆ ಪೂರ್ತಿ ತೆಗೆಯಿರಿ.

ಬೆಳಕು

ಈ ಎಲೆಯ ಮಖಮಲ್ ಹೊಳಪಿಗೆ ಕಾರಣ ಅದರ ಮೇಲ್ಪದರ. ಅಲ್ಲಿನ ಕೋಶಗಳು ಪುಟ್ಟ ಶಂಕುಗಳ ಹಾಗೆ ಉಬ್ಬಿರುತ್ತವೆ. ಕಾಡಿನ ನೆರಳಿನಲ್ಲಿ ಸಿಗುವ ಸ್ವಲ್ಪ ಬೆಳಕನ್ನೂ ಅವು ಒಳಗೆ ಎಳೆದುಕೊಳ್ಳುತ್ತವೆ. ಅಂಥ ಎಲೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಒಂದೇ ದಿನದಲ್ಲಿ ಸುಟ್ಟ ಕಲೆ ಬರುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಎರಡು ಮೂರು ಅಡಿ ಒಳಗೆ ಇಡಿ. ಬೆಳಗಿನ ಒಂದು ಗಂಟೆ ಎಳೆ ಬಿಸಿಲು ಬಿದ್ದರೆ ತೊಂದರೆ ಇಲ್ಲ. ಪಶ್ಚಿಮದ ಕಿಟಕಿಯಾದರೆ ತೆಳು ಪರದೆ ಬೇಕೇ ಬೇಕು. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಅಂತ ನಂಬಿ ಗಿಡವನ್ನು ಗಾಜಿಗೆ ಒತ್ತಿ ಇಡುವವರು ಒಂದು ವಿಷಯ ಗಮನಿಸಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಅದೇ ನೆರಳಿಲ್ಲದ ದಿನ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಆ ನಾಲ್ಕು ತಿಂಗಳು ಉತ್ತರದ ಕಿಟಕಿಗೂ ಬಿಸಿಲು ಬೀಳುತ್ತದೆ. ದಕ್ಷಿಣದ ಕಿಟಕಿಯದ್ದು ಇದರ ಉಲ್ಟಾ: ಚಳಿಗಾಲದಲ್ಲಿ ಬಿಸಿಲು ಕೋಣೆಯ ಒಳಗಿನವರೆಗೆ ಚಾಚುತ್ತದೆ. ವರ್ಷಕ್ಕೆ ಎರಡು ಸಲ ಗಿಡದ ಜಾಗ ಒಂದೆರಡು ಅಡಿ ಸರಿಸಿದರೆ ಸಾಕು.

ಅಕ್ಕಪಕ್ಕ ಕಟ್ಟಡ ಎದ್ದು ಬೆಳಕೇ ಬಾರದ ಮನೆಗಳು ನಮ್ಮಲ್ಲಿ ಜಾಸ್ತಿ. ಅಂಥ ಕಡೆ ಎಲ್‌ಇಡಿ ಗ್ರೋ ಲೈಟ್ ಹಾಕಿ. 20ರಿಂದ 30 ವ್ಯಾಟ್‌ನ ಬಿಳಿ ಬೆಳಕಿನದ್ದು ಒಂದು ಗಿಡಕ್ಕೆ ಸಾಕು. ನೇರಳೆ ಬಣ್ಣದ್ದು ಬೇಡ, ಆ ಬೆಳಕಿನಲ್ಲಿ ಎಲೆಯ ಬಣ್ಣವೂ ಕಾಣದು, ರೋಗವೂ ಕಾಣದು. ಮೇಲಿನ ಎಲೆಯಿಂದ ಒಂದೂವರೆ ಅಡಿ ಎತ್ತರದಲ್ಲಿ, ದಿನಕ್ಕೆ 12 ಗಂಟೆ. ಫೋನಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆಪ್‌ನಲ್ಲಿ ಎಲೆಯ ಹತ್ತಿರ 5,000ದಿಂದ 10,000 ತೋರಿಸಿದರೆ ನನ್ನ ಗಿಡ ಚೆನ್ನಾಗಿ ಬೆಳೆಯುತ್ತದೆ. ಟೈಮರ್ ಕೊಳ್ಳುವಾಗ ಬ್ಯಾಟರಿ ಇರುವುದನ್ನೇ ಕೇಳಿ. ತಿರುಗಿಸುವ ಟೈಮರ್ ಕರೆಂಟ್ ಹೋದಷ್ಟು ಹೊತ್ತೂ ನಿಂತುಬಿಡುತ್ತದೆ. ನಾಲ್ಕು ಸಲ ಪವರ್ ಕಟ್ ಆದರೆ ದೀಪ ರಾತ್ರಿ ಹನ್ನೊಂದಕ್ಕೆ ಉರಿಯುತ್ತಿರುತ್ತದೆ.

ಕುಂಡದೊಳಗಿನ ಮಿಶ್ರಣ

ನಮ್ಮ ಕೆಮ್ಮಣ್ಣು ಈ ಗಿಡಕ್ಕೆ ಆಗುವುದಿಲ್ಲ. ಕೆಮ್ಮಣ್ಣು, ಮರಳು, ಗೊಬ್ಬರ ಸಮಸಮ ಅನ್ನುವ ನರ್ಸರಿ ಲೆಕ್ಕದಲ್ಲಿ ಎರಡನೇ ಗಿಡ ನೆಟ್ಟಿದ್ದೆ. ಒಂದು ಮಳೆಗಾಲದಲ್ಲೇ ಬೇರು ಕರಗಿಹೋಯಿತು. ಇದರ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮರದ ಕವಲಿನಲ್ಲಿ ಕೂಡಿದ ತೊಗಟೆ ಚೂರು, ಒಣ ಎಲೆ, ಪಾಚಿಯ ನಡುವೆ ಬೇರು ಹರಡುವ ಗಿಡ ಇದು. ಕುಂಡದಲ್ಲಿ ಅದನ್ನೇ ಮಾಡಿಕೊಡಬೇಕು.

ನಾನು ಬಳಸುವುದು ಹೀಗೆ: ಪೈನ್ ತೊಗಟೆ ಮೂರು ಪಾಲು, ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಪರ್ಲೈಟ್ (ಹಗುರವಾದ ಬಿಳಿ ಹರಳು) ಎರಡು ಪಾಲು, ಇದ್ದಿಲು ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ಇಸ್ತ್ರಿ ಗಾಡಿಯವರು ಬಳಸುವ ಮರದ ಇದ್ದಿಲು ಆಗುತ್ತದೆ. ಕಡಲೆಕಾಯಿ ಗಾತ್ರಕ್ಕೆ ಒಡೆದು, ಪುಡಿ ಜರಡಿ ಹಿಡಿದು ತೆಗೆಯಿರಿ. ಪೈನ್ ತೊಗಟೆ ದುಬಾರಿ ಅನ್ನಿಸಿದರೆ ಅದರಲ್ಲಿ ಅರ್ಧ ಕಡಿಮೆ ಮಾಡಿ, ತೆಂಗಿನ ಸಿಪ್ಪೆ ಚೂರು ಜಾಸ್ತಿ ಹಾಕಿ.

ತೆಂಗಿನ ಸಿಪ್ಪೆಯಲ್ಲಿ ಉಪ್ಪು ಇರುತ್ತದೆ. ಈ ಒಂದು ಹಂತ ಬಿಟ್ಟು ಗಿಡ ಕಳೆದುಕೊಂಡವರು ತುಂಬಾ ಜನ. ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಚಹಾದ ಬಣ್ಣದ ಆ ನೀರು ಚೆಲ್ಲಿ. ಹೀಗೆ ಮೂರು ಸಲ ಮಾಡಿ. ಕೊನೆಯ ಸಲ ಒಂದು ಲೀಟರ್‌ಗೆ ಎರಡು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದ ನೀರಿನಲ್ಲಿ ನೆನೆಸಿ, ಮತ್ತೊಮ್ಮೆ ತೊಳೆಯಿರಿ. ತೆಂಗಿನ ನಾರು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ, ಸೋಡಿಯಂ ಬಿಡುತ್ತದೆ. ಮೊದಲೇ ಅದಕ್ಕೆ ಕ್ಯಾಲ್ಸಿಯಂ ತಿನ್ನಿಸಿದರೆ ಆಮೇಲೆ ಗಿಡದ ಪಾಲನ್ನು ಕಸಿಯುವುದಿಲ್ಲ.

ಕುಂಡ ಬೇರಿನ ಗುಡ್ಡೆಗಿಂತ ಎರಡು ಇಂಚು ಮಾತ್ರ ದೊಡ್ಡದಿರಲಿ. ಪಾರದರ್ಶಕ ಪ್ಲಾಸ್ಟಿಕ್ ಆದರೆ ಬೇರು ಕಣ್ಣಿಗೆ ಕಾಣುತ್ತದೆ. ಮಣ್ಣಿನ ಕುಂಡ ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ಎರಡೇ ದಿನಕ್ಕೆ ಒಣಗುತ್ತದೆ.

ಕಂಬ: ಇಲ್ಲಿ ಮಾತ್ರ ಅವಸರ ಬೇಡ

ಅಂಗಡಿಯಲ್ಲಿ ಮಾಸ್ ಸ್ಟಿಕ್ ಅಂತ ಸಿಗುವುದು ಸಾಮಾನ್ಯವಾಗಿ ಪೈಪಿಗೆ ಸುತ್ತಿದ ತೆಂಗಿನ ಹಗ್ಗ. ಅದು ನೀರು ಹಿಡಿಯುವುದಿಲ್ಲ. ಅದರೊಳಗೆ ಬೇರು ಇಳಿಯುವುದೂ ಇಲ್ಲ. ಮನಿಪ್ಲಾಂಟಿಗೆ ಅದು ಹೇಗೋ ನಡೆಯುತ್ತದೆ. ಈ ಗಿಡಕ್ಕೆ ಅದು ಬರೀ ಊರುಗೋಲು. ಕಂಬ ಅಂದರೆ ನಿಲ್ಲಿಸಿದ ಕುಂಡ ಅಂತ ಯೋಚಿಸಿ. ಅದರ ಉದ್ದಕ್ಕೂ ಬೇರು ಒಳಗೆ ಹೋಗಿ ನೀರು, ಆಹಾರ ಹೀರಬೇಕು. ಆಗಲೇ ಎಲೆ ದೊಡ್ಡದಾಗುವುದು.

ಮನೆಯಲ್ಲೇ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಜಾಲರಿ ಸಿಗುತ್ತದೆ. ಕಣ್ಣು ಒಂದು ಸೆಂಟಿಮೀಟರ್ ಇರುವುದನ್ನು ತನ್ನಿ. ಎರಡು ಅಡಿ ಉದ್ದ, ಎಂಟು ಇಂಚು ಅಗಲದ ತುಂಡು ಕತ್ತರಿಸಿ. ಬೆನ್ನಿಗೆ ಮೂರು ಇಂಚು ಅಗಲದ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಇಟ್ಟು, ಜಾಲರಿಯನ್ನು ಅರ್ಧ ಕೊಳವೆಯಂತೆ ಬಗ್ಗಿಸಿ ಎರಡೂ ಬದಿ ಜಿಪ್ ಟೈ ಹಾಕಿ. ಹಿಂಬದಿ ಮುಚ್ಚಿದ್ದರಿಂದ ನೀರು ನಿಧಾನವಾಗಿ ಆರುತ್ತದೆ. ನಮ್ಮ ಒಣ ಊರಿಗೆ ಈ ಅರ್ಧ ಕೊಳವೆ ಪೂರ್ತಿ ದುಂಡು ಕಂಬಕ್ಕಿಂತ ಎಷ್ಟೋ ಮೇಲು. ಒಳಗೆ ಪಟ್ಟಿಗೆ ಒತ್ತಿ ತೆಳ್ಳನೆಯ ಪಿವಿಸಿ ಪೈಪ್ ನಿಲ್ಲಿಸಿ, ಕೆಳಗೆ ಆರು ಇಂಚು ಜಾಸ್ತಿ ಇರಲಿ, ಅದು ಕುಂಡದೊಳಗೆ ಇಳಿಯುತ್ತದೆ.

ಒಳಗೆ ತುಂಬುವುದು ಸ್ಫ್ಯಾಗ್ನಮ್ ಮಾಸ್, ಅಂದರೆ ನೀರು ಹಿಡಿದಿಡುವ ಒಂದು ಬಗೆಯ ಒಣ ಪಾಚಿ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಬಿಡಿಬಿಡಿಯಾಗಿ ತುಂಬಿ. ದಿಂಬಿಗೆ ಹತ್ತಿ ತುಂಬುವ ಹದ. ಒತ್ತಿ ತುರುಕಿದರೆ ಗಾಳಿ ಆಡದೆ ಒಳಗೆ ಹುಳಿ ವಾಸನೆ ಬರುತ್ತದೆ. ಸಡಿಲ ಬಿಟ್ಟರೆ ನೀರು ಹಾಕಿದಂತೆಲ್ಲ ಕುಸಿದು ಮೇಲೆ ಖಾಲಿಯಾಗುತ್ತದೆ. ಮಾಸ್ ಬೆಲೆ ಜಾಸ್ತಿ, ನಿಜ. ತೊಳೆದ ತೆಂಗಿನ ಚೂರು ಮತ್ತು ಕೋಕೋಪೀಟ್ ಸಮಪಾಲು ಬೆರೆಸಿ ತುಂಬಿದ ಕಂಬವೂ ನನ್ನಲ್ಲಿ ಚೆನ್ನಾಗಿ ನಡೆದಿದೆ. ವಾರಕ್ಕೆ ಒಂದು ಸಲ ಹೆಚ್ಚು ನೀರು ಕೇಳುತ್ತದೆ, ಅಷ್ಟೇ.

ಗಿಡ ನೆಡುವಾಗ ಕಾಂಡವನ್ನು ತಿರುಗಿಸಿ ನೋಡಿ. ಒಂದು ಬದಿಯಲ್ಲಿ ಎಲೆತೊಟ್ಟು, ಇನ್ನೊಂದು ಬದಿಯ ಗೆಣ್ಣುಗಳಲ್ಲಿ ಚಿಕ್ಕ ಮೊಳೆಯಂತೆ ಬಿಳಲು. ಬಿಳಲಿನ ಬದಿ ಕಂಬಕ್ಕೆ, ಎಲೆಯ ಬದಿ ಬೆಳಕಿಗೆ. ಮೆದು ದಾರದಿಂದ ಗೆಣ್ಣಿನ ಹತ್ತಿರ ಕಾಂಡವನ್ನು ಕಟ್ಟಿ, ಗೆಣ್ಣು ಒದ್ದೆ ಮಾಸ್‌ಗೆ ತಾಗಿರಲಿ. ಎಲೆತೊಟ್ಟನ್ನು ಕಟ್ಟಬೇಡಿ, ಅದು ಬೆಳಕಿನ ಕಡೆಗೆ ತಿರುಗುತ್ತಾ ಇರಬೇಕು. ಮೆಣಸಿನ ಬಳ್ಳಿಯನ್ನು ಮೊದಲ ವರ್ಷ ಮರಕ್ಕೆ ಕಟ್ಟುತ್ತಾರೆ. ಬೇರು ತೊಗಟೆ ಹಿಡಿದ ಮೇಲೆ ಅದರ ಪಾಡಿಗೆ ಬಿಡುತ್ತಾರೆ. ಇಲ್ಲೂ ಹಾಗೆಯೇ. ಬಿಳಲು ಜಾಲರಿಯೊಳಗೆ ಇಳಿದ ಮೇಲೆ ದಾರ ಬಿಚ್ಚಿ.

ನನ್ನ ಈಗಿನ ಗಿಡ ಕಂಬ ಹಿಡಿಯುವ ಮೊದಲು ಬಿಟ್ಟ ಎಲೆ ನಾಲ್ಕು ಇಂಚು ಇತ್ತು. ಬೇರು ಒಳಗೆ ಹೋದ ಮೇಲಿನ ಐದನೇ ಎಲೆ ಹನ್ನೊಂದು ಇಂಚು. ಕಿಟಕಿ, ಗೊಬ್ಬರ, ನೀರು ಯಾವುದೂ ಬದಲಾಗಿರಲಿಲ್ಲ.

ನೀರು

ಕುಂಡಕ್ಕೂ ಕಂಬಕ್ಕೂ ಬೇರೆ ಬೇರೆ ಲೆಕ್ಕ. ಕುಂಡದ ಮೇಲಿನ ಎರಡು ಇಂಚು ಒಣಗಿದ ಮೇಲೆ ನೀರು ಕೊಡಿ, ಕೆಳಗಿನ ತೂತಿನಿಂದ ಹರಿದು ಹೋಗುವಷ್ಟು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಕಂಬ ಮಾತ್ರ ಪೂರ್ತಿ ಒಣಗಲೇಬಾರದು. ಒಣಗಿದರೆ ಒಳಗಿನ ಎಳೆ ಬೇರು ಸಾಯುತ್ತದೆ, ಮುಂದಿನ ಎಲೆ ಚಿಕ್ಕದಾಗುತ್ತದೆ. ಕಂಬದ ತುದಿಯಲ್ಲಿ ಸೂಜಿ ತೂತಿನ ಪುಟ್ಟ ಪ್ಲಾಸ್ಟಿಕ್ ಬಾಟಲಿ ಬೋರಲು ಸಿಕ್ಕಿಸಿ. ದೇವಸ್ಥಾನದಲ್ಲಿ ಲಿಂಗದ ಮೇಲೆ ತೊಟ್ಟಿಕ್ಕುವ ಧಾರಾಪಾತ್ರೆಯ ಹಾಗೆ ಹನಿಹನಿಯಾಗಿ ಇಳಿಯಲಿ. ಸುರಿದರೆ ನೀರು ಒಂದೇ ದಾರಿ ಹಿಡಿದು ಕುಂಡಕ್ಕೆ ಹೋಗುತ್ತದೆ, ಮಾಸ್ ಒಣಗಿಯೇ ಇರುತ್ತದೆ.

ಯಾವ ನೀರು ಅನ್ನುವುದು ಬೆಂಗಳೂರಿನಲ್ಲಿ ದೊಡ್ಡ ಪ್ರಶ್ನೆ. ಕಾವೇರಿ ನೀರು ಒಳ್ಳೆಯದು. ಅಗಲ ಬಾಯಿಯ ಬಕೆಟ್‌ನಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ವಾಸನೆ ಹೋಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುವ ನೀರು ಮಾಸ್ ಮೇಲೂ ಅದೇ ಪದರ ಕಟ್ಟುತ್ತದೆ, ಎಲೆಯ ತುದಿ ಕಂದಾಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆ ನೀರಿನಲ್ಲಿ ಯಂತ್ರದೊಳಗೆ ಹೋದ ನೀರಿಗಿಂತಲೂ ಉಪ್ಪು ಜಾಸ್ತಿ. ನೆಲ ಒರೆಸಲು ಬಳಸಿ, ಈ ಗಿಡಕ್ಕೆ ಬೇಡ.

2024ರ ಮಾರ್ಚ್ ನೆನಪಿರಬೇಕು. ನೀರಿನ ಬರ ಬಂದು, ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆಗ ನನ್ನ ಗಿಡ ಉಳಿದದ್ದು ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಿನಿಂದ. ಅದರಲ್ಲಿ ಉಪ್ಪೇ ಇರುವುದಿಲ್ಲ. ಎಸಿ ಇರುವ ಪಕ್ಕದ ಮನೆಯವರ ಪೈಪಿನ ಕೆಳಗೆ ಒಂದು ಕ್ಯಾನ್ ಇಟ್ಟಿದ್ದೆ, ಅವರೂ ಖುಷಿಯಿಂದ ಒಪ್ಪಿದರು. ಎಲ್ಲಕ್ಕಿಂತ ಶ್ರೇಷ್ಠ ಮಳೆನೀರು. ಮೊದಲ ಹತ್ತು ನಿಮಿಷದ ಮಳೆ ಹರಿದು ಹೋಗಲು ಬಿಟ್ಟು, ಆಮೇಲಿನದ್ದನ್ನು ಮುಚ್ಚಳದ ಡ್ರಮ್ಮಿನಲ್ಲಿ ಹಿಡಿಯಿರಿ. ಸೊಳ್ಳೆ ಬರದಂತೆ ಬಟ್ಟೆ ಕಟ್ಟಿ.

ಅಕ್ಕಿ ತೊಳೆದ ನೀರು, ಮಜ್ಜಿಗೆ, ಚಹಾ ಸೊಪ್ಪು ಇವ್ಯಾವುದೂ ಕಂಬಕ್ಕೆ ಬೇಡ. ದಾಸವಾಳಕ್ಕೆ, ಕರಿಬೇವಿಗೆ ಹಾಕಿ. ಮಾಸ್‌ಗೆ ಹಾಕಿದರೆ ಬೂಸು ಬರುತ್ತದೆ, ಕಪ್ಪು ನೊರಜು ಮುತ್ತುತ್ತದೆ.

ಶಿವರಾತ್ರಿಯಿಂದ ಭರಣಿ ಮಳೆಯವರೆಗೆ

ಬೆಂಗಳೂರಿನ ಚಳಿಗೆ ಈ ಗಿಡ ಹೆದರುವುದಿಲ್ಲ. ಡಿಸೆಂಬರ್ ರಾತ್ರಿ ಹೊರಗೆ 15 ಡಿಗ್ರಿ ಇದ್ದರೂ ಮನೆಯೊಳಗೆ ಬೆಚ್ಚಗೇ ಇರುತ್ತದೆ. ಆಗ ಬೆಳವಣಿಗೆ ನಿಧಾನ, ಅಷ್ಟೇ. ಸೆಖೆಯನ್ನೂ ತಡೆಯುತ್ತದೆ. ತಡೆಯಲಾರದ್ದು ಒಣ ಗಾಳಿಯನ್ನು. ಚಳಿ ಶಿವಶಿವಾ ಅಂತ ಹೊರಟ ಮೇಲೆ, ಮೊದಲ ಜೋರು ಮಳೆ ಬೀಳುವವರೆಗಿನ ಎರಡು ತಿಂಗಳು ನಿಜವಾದ ಪರೀಕ್ಷೆ. ಮಾರ್ಚ್ ಮಧ್ಯಾಹ್ನ ಗಾಳಿಯ ತೇವ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಗಿಡ ಬಯಸುವುದು 65ಕ್ಕಿಂತ ಮೇಲೆ.

ತೇವ ಸಾಲದಿದ್ದರೆ ಮೊದಲು ಪೆಟ್ಟು ಬೀಳುವುದು ಹೊಸ ಎಲೆಗೆ. ಎಲೆ ಒಂದು ಪೊರೆಯೊಳಗೆ ಸುರುಳಿ ಸುತ್ತಿ ಬರುತ್ತದೆ. ಪೊರೆ ಒಣಗಿ ಬಿಗಿದರೆ ಎಲೆ ಅರ್ಧದಲ್ಲಿ ಸಿಕ್ಕಿ, ಬಿಚ್ಚುವಾಗ ಹರಿಯುತ್ತದೆ. ಹರಿದ ಎಲೆ ಹರಿದೇ ಇರುತ್ತದೆ. ಆ ಹೊತ್ತಿನಲ್ಲಿ ಕೈಯಿಂದ ಎಳೆಯುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಒದ್ದೆ ಹತ್ತಿಯನ್ನು ಪೊರೆಯ ಮೇಲೆ ಹತ್ತು ನಿಮಿಷ ಇಡಿ. ದಿನಕ್ಕೆ ಎರಡು ಸಲ ಹೀಗೆ ಮಾಡಿ. ಆ ತುದಿಗೆ ಮಾತ್ರ ಒಂದು ಪಾರದರ್ಶಕ ಚೀಲ ಸಡಿಲವಾಗಿ ಹೊದಿಸಿ. ಸಾಮಾನ್ಯವಾಗಿ ತಾನೇ ಜಾರಿ ಬರುತ್ತದೆ.

ಎಲೆಗೆ ನೀರು ಚಿಮುಕಿಸುವುದರಿಂದ ತೇವ ಹೆಚ್ಚುವುದು ಕೆಲವು ನಿಮಿಷ ಮಾತ್ರ. ಮಖಮಲ್ ಎಲೆಯ ಮೇಲೆ ಹನಿ ನಿಂತು ಕಲೆ ಉಳಿಯುತ್ತದೆ, ಶಿಲೀಂಧ್ರಕ್ಕೂ ದಾರಿ. ಬೆಣಚುಕಲ್ಲಿನ ತಟ್ಟೆಯಲ್ಲಿ ನೀರಿಡುವುದೂ ಅಷ್ಟಕ್ಕಷ್ಟೇ. ಕೆಲಸ ಮಾಡುವುದು ಎರಡು. ಒಂದು, ಹ್ಯೂಮಿಡಿಫೈಯರ್. ಅದಕ್ಕೂ ಉಪ್ಪಿಲ್ಲದ ನೀರೇ ಹಾಕಿ, ಇಲ್ಲದಿದ್ದರೆ ಎಲೆ, ಟಿವಿ ಎಲ್ಲದರ ಮೇಲೆ ಬಿಳಿ ಪುಡಿ ಕೂರುತ್ತದೆ. ಇನ್ನೊಂದು, ಗಾಜಿನ ಷೋಕೇಸ್. ದಸರಾ ಗೊಂಬೆ ಇಡುತ್ತಿದ್ದ ಹಳೆಯ ಷೋಕೇಸ್ ಮೂಲೆಯಲ್ಲಿದ್ದರೆ ಅದನ್ನೇ ಬಳಸಿ. ಒಳಗೆ ಒಂದು ಎಲ್‌ಇಡಿ ಪಟ್ಟಿ, ಗಾಳಿ ಆಡಲು ಕಂಪ್ಯೂಟರಿನ 12 ವೋಲ್ಟ್ ಪುಟ್ಟ ಫ್ಯಾನ್, ತೇವ ತೋರಿಸುವ ಮೀಟರ್. ಎಲ್ಲವೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಮುಚ್ಚಿದ ಷೋಕೇಸಿನಲ್ಲಿ ಒದ್ದೆ ಕಂಬವೇ ಗಾಳಿಯನ್ನು 75ರವರೆಗೆ ತೇವ ಮಾಡುತ್ತದೆ. ಫ್ಯಾನ್ ಮರೆಯಬೇಡಿ, ನಿಂತ ತೇವದಲ್ಲಿ ಎಲೆಗೆ ಚುಕ್ಕೆರೋಗ ಬರುತ್ತದೆ.

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ, ಈ ಗಿಡಕ್ಕೂ ಅದು ಸರಿ. ಏಪ್ರಿಲ್ ಕೊನೆಯ ಆ ಮಳೆ ಬಿದ್ದ ಮೇಲೆ ಕುಂಡ ಬದಲಿಸುವುದು, ಕಂಬ ಎತ್ತರಿಸುವುದು, ತುಂಡು ಮಾಡಿ ನೆಡುವುದು ಎಲ್ಲ ಶುರು ಮಾಡಿ. ಅಕ್ಟೋಬರ್‌ವರೆಗೆ ಗಿಡ ಕೈ ಹಿಡಿಯುತ್ತದೆ.

ಆಹಾರ

ಎಲ್ಲ ಅಂಗಡಿಯಲ್ಲೂ ಸಿಗುವ 19:19:19 ನೀರಿನಲ್ಲಿ ಕರಗುವ ಗೊಬ್ಬರ ಸಾಕು. ಒಂದು ಲೀಟರ್‌ಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಅದೇ ನೀರನ್ನು ಕಂಬಕ್ಕೂ ಕೊಡಿ, ಆದರೆ ಇನ್ನೂ ಅರ್ಧಕ್ಕೆ ತೆಳು ಮಾಡಿ. ಮಳೆನೀರು ಅಥವಾ ಎಸಿ ನೀರು ಬಳಸುವವರು ನಡುನಡುವೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಡಬೇಕು. ಆ ನೀರಿನಲ್ಲಿ ಅವು ಇರುವುದಿಲ್ಲ. ತಿಂಗಳಿಗೊಮ್ಮೆ ಬರೀ ನೀರಿನಿಂದ ಕುಂಡ, ಕಂಬ ಎರಡನ್ನೂ ತೊಳೆದು ಉಳಿದ ಉಪ್ಪು ಇಳಿಸಿ.

ಹುಳ, ರೋಗ, ಇರುವೆ

ಒಣ ಕಾಲದಲ್ಲಿ ಜೇಡನುಸಿ ಬರುತ್ತದೆ. ಎಲೆಯ ಮೇಲೆ ದೂಳಿನಂಥ ತಿಳಿ ಚುಕ್ಕೆ, ಹಿಂದೆ ತೆಳು ಬಲೆ. ರಸ ಹೀರುವ ಪುಟ್ಟ ಹುಳ ಥ್ರಿಪ್ಸ್ ಇನ್ನೂ ಕೆಟ್ಟದ್ದು. ಬೆಳ್ಳಿ ಬಣ್ಣದ ಗೀರು, ಪಕ್ಕದಲ್ಲಿ ಕಪ್ಪು ಚುಕ್ಕೆ ಹಿಕ್ಕೆ ಕಂಡರೆ ಅದೇ. ಹಿಟ್ಟುತಿಗಣೆ ಗೆಣ್ಣಿನ ಸಂದಿಯಲ್ಲಿ ಹತ್ತಿಯಂತೆ ಕೂರುತ್ತದೆ. ಅದನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದಾಗಿ ಒರೆಸಿ.

ಉಳಿದವಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ಮೃದು ದ್ರವ ಸೋಪು. ಮೊದಲು ಒಂದು ಎಲೆಯ ಮೂಲೆಯಲ್ಲಿ ಹಾಕಿ ಎರಡು ದಿನ ನೋಡಿ. ಎಣ್ಣೆಯಿಂದ ಮಖಮಲ್ ಮಾಸಿದರೆ ಬರೀ ಸೋಪಿನ ನೀರು ಬಳಸಿ. ಸಂಜೆ ಸಿಂಪಡಿಸಿ, ಬೆಳಗ್ಗೆ ತಿಳಿ ನೀರಿನಿಂದ ತೊಳೆಯಿರಿ. ಒಂದೇ ಸಲಕ್ಕೆ ಹೋಗುವುದಿಲ್ಲ. ಥ್ರಿಪ್ಸ್ ಮೊಟ್ಟೆ ಎಲೆಯ ಒಳಗಿರುತ್ತದೆ, ಮರಿ ಕುಂಡಕ್ಕೆ ಬಿದ್ದು ಅಲ್ಲಿ ಕೋಶ ಕಟ್ಟುತ್ತದೆ. ಐದಾರು ದಿನಕ್ಕೊಮ್ಮೆ, ಕನಿಷ್ಠ ನಾಲ್ಕು ಸಲ ಮಾಡಲೇಬೇಕು.

ಹೊಸ ಎಲೆ, ತೊಟ್ಟಿನ ಮೇಲೆ ಅಂಟು ಹನಿ ಕಂಡರೆ ಹೆದರಬೇಡಿ. ಇದು ಹೂವಿನ ಹೊರಗೂ ಮಕರಂದ ಸುರಿಸುವ ಗಿಡ. ಅದಕ್ಕೇ ಇರುವೆ ಸಾಲು ಬರುತ್ತದೆ. ಇರುವೆಯಿಂದ ಗಿಡಕ್ಕೆ ನೇರ ತೊಂದರೆ ಇಲ್ಲ, ಆದರೆ ಅವು ಹಿಟ್ಟುತಿಗಣೆಯನ್ನು ಕಾಯ್ದು ಸಾಕುತ್ತವೆ. ಸಾಲು ಕಂಡ ದಿನ ಗೆಣ್ಣುಗಳನ್ನು ಒಮ್ಮೆ ಪರೀಕ್ಷಿಸಿ. ಬೆಳಗ್ಗೆ ಎಲೆಯ ತುದಿಯಲ್ಲಿ ತಿಳಿ ನೀರಿನ ಹನಿ ಇದ್ದರೆ ಅದು ಗಿಡ ರಾತ್ರಿ ಹೊರಹಾಕಿದ ಹೆಚ್ಚಿನ ನೀರು.

ಒಟ್ಟಿಗೆ ಎರಡು ಮೂರು ಎಲೆ ಹಳದಿಯಾಗಿ, ಕುಂಡ ಒದ್ದೆಯಾಗಿಯೇ ಇದ್ದರೆ ಬೇರು ಕೊಳೆತಿದೆ. ತಡಮಾಡದೆ ಹೊರತೆಗೆದು, ಮೆತ್ತಗಾದ ಬೇರೆಲ್ಲ ಗಟ್ಟಿ ಭಾಗದವರೆಗೆ ಕತ್ತರಿಸಿ, ಒಂದು ಗಂಟೆ ಗಾಳಿಗೆ ಒಣಗಿಸಿ, ಹೊಸ ಮಿಶ್ರಣದಲ್ಲಿ ಚಿಕ್ಕ ಕುಂಡಕ್ಕೆ ಹಾಕಿ. ಕಂಬದಲ್ಲಿ ಬೇರು ಇದ್ದರೆ ಗಿಡ ಸಾಮಾನ್ಯವಾಗಿ ಬದುಕುತ್ತದೆ.

ಮನೆಯಲ್ಲಿ ಮಕ್ಕಳು, ಬೆಕ್ಕು ನಾಯಿ ಇದ್ದರೆ

ಈ ಗಿಡ ಕೆಸುವಿನ ಕುಟುಂಬದ್ದು. ಮಳೆಗಾಲದಲ್ಲಿ ಪತ್ರೊಡೆ ಮಾಡಲು ತರುವ ಮರಕೆಸುವೂ ಅದೇ ಕುಟುಂಬ, ಅದೂ ಮರದ ಮೇಲೆಯೇ ಬೆಳೆಯುತ್ತದೆ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದಲ್ಲ, ಅದಕ್ಕೆ ಕಾರಣವಾದ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರಲ್ಲೂ ಇವೆ. ಕೆಸುವನ್ನು ಹುಣಸೆಹುಳಿ ಹಾಕಿ ಬೇಯಿಸಿ ತಿನ್ನುತ್ತೇವೆ. ಇದನ್ನು ಹೇಗೂ ತಿನ್ನಬಾರದು. ಮಗು ಅಥವಾ ಬೆಕ್ಕು ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಬಾಯಿ ತೊಳೆಸಿ ಡಾಕ್ಟರ್ ಹತ್ತಿರ ಹೋಗಿ. ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ರಸ ಚರ್ಮಕ್ಕೆ ತುರಿಕೆ ತರುತ್ತದೆ.

ಕಂಬದ ತುದಿ ಮುಟ್ಟಿದಾಗ

ಒಂದೂವರೆ ಎರಡು ವರ್ಷದಲ್ಲಿ ಗಿಡ ಕಂಬ ದಾಟುತ್ತದೆ. ಮೇಲೆ ಇನ್ನೊಂದು ಕಂಬ ಜೋಡಿಸಬಹುದು, ಆದರೆ ಮನೆಯ ಸೂರಿಗೆ ಮಿತಿ ಇದೆ. ಹಾಗಾಗಿ ಕತ್ತರಿಸಬೇಕಾಗುತ್ತದೆ. ಮೊದಲ ಸಲ ಕೈ ನಡುಗುತ್ತದೆ, ನನಗೂ ಹಾಗೇ ಆಗಿತ್ತು.

ಮೃಗಶಿರ ಮಳೆ ಹಿಡಿದ ಮೇಲೆ, ಜೂನ್ ನಡುವಿನಲ್ಲಿ ಕತ್ತರಿಸಿ. ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ. ಮೇಲಿನಿಂದ ಮೂರು ಎಲೆ, ಮೂರು ಗೆಣ್ಣು ಬಿಟ್ಟು, ಎರಡು ಗೆಣ್ಣಿನ ನಡುವೆ ಕತ್ತರಿಸಿ. ಬೇರು ಇಳಿದಿರುವ ಕಂಬದ ಆ ತುಂಡನ್ನೂ ಜಾಲರಿ ಸಮೇತ ಕತ್ತರಿಸಿಕೊಳ್ಳಿ. ಬೇರನ್ನು ಮಾಸ್‌ನಿಂದ ಬಿಡಿಸಲು ಹೋಗಬೇಡಿ. ಗಾಯ ಎರಡು ಗಂಟೆ ಒಣಗಲಿ. ಆಮೇಲೆ ಆ ತುಂಡನ್ನು ಹೊಸ ಕುಂಡದಲ್ಲಿ, ಹೊಸ ಕಂಬದ ಬುಡದಲ್ಲಿ ಇಳಿಸಿ. ಬೇರು ಮೊದಲೇ ಇರುವುದರಿಂದ ಗಿಡಕ್ಕೆ ಕತ್ತರಿಸಿದ್ದೇ ಗೊತ್ತಾಗುವುದಿಲ್ಲ. ಮುಂದಿನ ಎಲೆ ಹಳೆಯ ಗಾತ್ರದಲ್ಲೇ ಬರುತ್ತದೆ. ಎಳೆಯ ಗಿಡ ಕೊಂಡಾಗ ಇದ್ದ ವೀಳ್ಯದೆಲೆಯ ಆಕಾರಕ್ಕೆ ಹಿಂದೆ ಹೋಗುವುದಿಲ್ಲ.

ನಡುವಿನ ಕಾಂಡದಿಂದ ಒಂದು ಗೆಣ್ಣು, ಒಂದು ಎಲೆ, ಒಂದು ಬಿಳಲು ಇರುವ ತುಂಡುಗಳನ್ನು ಮಾಡಬಹುದು. ಒದ್ದೆ ಮಾಸ್ ಹಾಸಿದ ಪಾರದರ್ಶಕ ಸ್ವೀಟ್ ಡಬ್ಬಿಯಲ್ಲಿ, ಗೆಣ್ಣು ಅರ್ಧ ಹೂತಂತೆ ಮಲಗಿಸಿ. ಎಲೆ ಡಬ್ಬಿಯಲ್ಲಿ ಹಿಡಿಸದಿದ್ದರೆ ಮೇಲೆ ಚೀಲ ಹೊದಿಸಿ. ನಾಲ್ಕರಿಂದ ಆರು ವಾರದಲ್ಲಿ ಬೇರು, ಇನ್ನೊಂದು ತಿಂಗಳಲ್ಲಿ ಕುಡಿ.

ಬುಡದಲ್ಲಿ ಎಲೆಯಿಲ್ಲದೆ ಉಳಿದ ಮೋಟುಕಾಂಡವನ್ನು ಎಸೆಯಬೇಡಿ. ಕುಂಡಕ್ಕೆ ನೀರು ಅರ್ಧಕ್ಕೆ ಇಳಿಸಿ, ಕಂಬ ಮಾತ್ರ ಒದ್ದೆಯಾಗಿಡಿ. ನನ್ನದು 40 ದಿನ ಏನೂ ಮಾಡಲಿಲ್ಲ. 41ನೇ ದಿನ ಮೇಲಿನ ಗೆಣ್ಣಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಗ್ಗು ಕಾಣಿಸಿತು. ಈಗ ಅದರಲ್ಲಿ ತಾಮ್ರದ ಬಣ್ಣದ ಎರಡು ಪುಟ್ಟ ಎಲೆ ಇವೆ. ಎಸಿ ನೀರು ಕೊಟ್ಟ ಪಕ್ಕದ ಮನೆಯವರಿಗೆ ಅಂತ ಎತ್ತಿಟ್ಟಿದ್ದೇನೆ. ಅವರ ಕಿಟಕಿ ಪಶ್ಚಿಮಕ್ಕಿದೆ, ಹಾಗಾಗಿ ಗಿಡದ ಜೊತೆಗೆ ಒಂದು ತೆಳು ಪರದೆಯನ್ನೂ ಹೊಲಿಸುತ್ತಿದ್ದೇನೆ.